ಮೊಟ್ಟೆ ಕಪ್ಪಾಗುವ ಹೊತ್ತು

ಸೀಮೆಎಣ್ಣೆಯ ವಾಸನೆ ಮೂಗಿಗೆ ಬಡಿದರೆ ಹುಳದಕ್ಕನಿಗೆ ಇವತ್ತಿಗೂ ಅಪ್ಪನ ಡಬ್ಬಿ ಕಣ್ಣಿಗೆ ಕಟ್ಟುತ್ತದೆ. ಚಿಕ್ಕಂದಿನಲ್ಲಿ ಅವಳೂ ತಮ್ಮನೂ ಟೊಮೆಟೊ ಸಾಲುಗಳಲ್ಲಿ ಕಾಯಿಕೊರಕ ಹುಳ ಆರಿಸಿ ಅದರೊಳಗೆ ಹಾಕಬೇಕಿತ್ತು. ಹಸಿರು ಹುಳಗಳು ಸುತ್ತಿಕೊಂಡು, ಬಿಚ್ಚಿಕೊಂಡು, ಒಂದನ್ನೊಂದು ಕಚ್ಚುತ್ತಾ ಸಾಯುತ್ತಿದ್ದವು. ತಮ್ಮ ಕಡ್ಡಿಯಾಡಿಸಿ ನಗುತ್ತಿದ್ದ. ಅವಳು ಬದುವಿನ ಮೇಲೆ ಕೂತು ವಾಂತಿ ಮಾಡುತ್ತಿದ್ದಳು. ಅಂಥ ದಿನ ಅವಳ ಪಾಲಿನ ಸಾಲನ್ನೂ ಅವನೇ ಮುಗಿಸುತ್ತಿದ್ದ, ಅಪ್ಪನ ಕಿವಿಗೆ ಹಾಕದೆ.

ಮುಂದೆ ಅವಳು ಓದಿದ್ದೂ ಹುಳವನ್ನೇ, ಅನ್ನ ಕೊಟ್ಟದ್ದೂ ಹುಳವೇ. ಬೆಳೆಗಾರರ ಸಂಘ ಅವಳನ್ನು ಕೆಲಸಕ್ಕಿಟ್ಟುಕೊಂಡಿತ್ತು. ಪ್ರತಿ ತೋಟದಲ್ಲೂ ಅವಳದೊಂದು ಮೋಹಕ ಬಲೆ: ಕೋಲಿಗೆ ಕಟ್ಟಿದ ಉದ್ದನೆಯ ಪ್ಲಾಸ್ಟಿಕ್ ಚೀಲ, ಅದರ ಬಾಯಲ್ಲಿ ಹೆಣ್ಣು ಪತಂಗದ ವಾಸನೆ ಹಚ್ಚಿದ ರಬ್ಬರ್ ಗುಂಡಿ. ಗಂಡು ಪತಂಗಗಳು ಮರುಳಾಗಿ ಬಂದು ಚೀಲದೊಳಗೆ ಬೀಳುತ್ತವೆ. ಬೀಳುವುದು ಹೆಚ್ಚಿತೆಂದರೆ ಎಲೆಗಳ ಮೇಲೆ ಮೊಟ್ಟೆ ಕಾಣುವ ಕಾಲ ಬಂತೆಂದು ಅರ್ಥ. ಮೊಟ್ಟೆಯೊಡೆದು ಬಂದ ಮರಿ ಕಾಯಿಗೆ ತೂರಿಕೊಳ್ಳುವ ಮುಂಚೆ ಔಷಧಿ ಬೀಳಬೇಕು. ಅವಸರಪಟ್ಟರೆ ಹುಳವನ್ನು ಕೊಲ್ಲುವ ಸಣ್ಣ ಕಣಜಗಳೇ ಸಾಯುತ್ತವೆ, ತಡವಾದರೆ ಹುಳ ಕಾಯಿಯೊಳಗೆ ಬೆಚ್ಚಗೆ ಕೂತಿರುತ್ತದೆ. ಹುಳದಕ್ಕ ಹೇಳಿದ ದಿನ ಎಲ್ಲ ತೋಟಕ್ಕೂ ಒಟ್ಟಿಗೆ ಔಷಧಿ. ಅದು ಸಂಘದ ಕಟ್ಟಳೆ. ಒಂದು ತೋಟ ಬಿಟ್ಟರೂ ಅಲ್ಲಿ ಬೆಳೆದ ಪತಂಗ ಎದ್ದು ಉಳಿದವರ ಬೆಳೆ ಮುಗಿಸುತ್ತದೆ.

ಆ ವರ್ಷ ಬಲೆಗಳು ಒಮ್ಮೆಲೇ ತುಂಬಿದವು. ತಮ್ಮನ ತೋಟ ಇದ್ದದ್ದು ಎಲ್ಲರ ನಟ್ಟನಡುವೆ. ಹಿಂದಿನ ಬೆಳೆ ಹುಳದ ಪಾಲಾದಂದಿನಿಂದ ಅವನ ಕಣ್ಣಿಗೆ ನಿದ್ದೆ ಹತ್ತಿರಲಿಲ್ಲ. ಚೀಲದಲ್ಲಿ ಪಟಪಟ ಒದ್ದಾಡುವ ಪತಂಗಗಳನ್ನು ಕಂಡು ಅವನ ತಲೆ ಕೆಟ್ಟಿತು. ಅಕ್ಕನ ಗುಂಡಿಗಳೇ ಎಲ್ಲೆಲ್ಲಿಯದೋ ಪತಂಗವನ್ನು ಕರೆಸಿಕೊಳ್ಳುತ್ತಿವೆ ಎಂದು ಹಟ ಹಿಡಿದ. ಬೀಳುವುದೆಲ್ಲ ಗಂಡು, ಗಂಡು ಮೊಟ್ಟೆ ಇಡುವುದಿಲ್ಲವೆಂದು ಅವಳು ಬಾಯಿ ನೋಯುವಷ್ಟು ಹೇಳಿದಳು.

"ಗಂಡು ಇಷ್ಟು ಜನ ಬಂದ್ಮೇಲೆ ಹೆಣ್ಣು ಮನೇಲಿ ಕೂತಿರ್ತಾಳಾ ಅಕ್ಕ? ನೀನೇ ಮದುವೆ ಮಾಡಿಸ್ತಿದೀಯ," ಅಂದ. ಅವಳು ನಕ್ಕುಬಿಟ್ಟಳು. ಅದೇ ತಪ್ಪಾಯಿತೇನೋ.

ಮರುದಿನ ಬೆಳಗ್ಗೆ ಅವನು ಕಬ್ಬಿಣದ ಸಲಾಕೆ ಹಿಡಿದು ತೋಟದಿಂದ ತೋಟಕ್ಕೆ ನುಗ್ಗಿದ. ಕೋಲು ಮುರಿದ, ಚೀಲ ಹರಿದ, ಗುಂಡಿಗಳನ್ನು ಹಿಮ್ಮಡಿಯಲ್ಲಿ ಹೊಸಕಿದ. ಪಕ್ಕದ ತೋಟದವನು ಹಿಂದೆ ಲಾರಿ ಓಡಿಸುತ್ತಿದ್ದ ಆಳು. ಎಲ್ಲರ ಬಾಯಲ್ಲೂ ಲಾರಿಯಣ್ಣ. ಅವನು ಅಡ್ಡ ನಿಂತ. ತಮ್ಮ ಹಿಂದೆಮುಂದೆ ನೋಡದೆ ಸಲಾಕೆ ಬೀಸಿದ. ಲಾರಿಯಣ್ಣನ ಕಿವಿ ಸೀಳಿ ಅಂಗಿಯೆಲ್ಲ ಕೆಂಪಾಯಿತು.

ಹುಳದಕ್ಕ ಓಡಿ ಬರುವಷ್ಟರಲ್ಲಿ ನಾಲ್ಕೈದು ಮಂದಿ ಗಿಡಕ್ಕೆ ಆಸರೆಯಿಟ್ಟ ಕೋಲುಗಳನ್ನು ಕಿತ್ತುಕೊಂಡು ಅವನನ್ನು ಬಡಿಯುತ್ತಿದ್ದರು. ಬೆನ್ನಿಗೆ, ಮೊಣಕಾಲಿಗೆ, ಬಾಯಿಗೆ. ಅವನು ಮಣ್ಣಿನಲ್ಲಿ ಹೊರಳಿ ಹಲ್ಲೊಂದನ್ನು ಉಗುಳಿದ. ಲಾರಿಯಣ್ಣ ಅವನ ಮುಂಗೈ ಮೇಲೆ ಕಾಲಿಟ್ಟು, ಅದೇ ಸಲಾಕೆಯನ್ನು ಎರಡೂ ಕೈಯಲ್ಲಿ ಎತ್ತಿ ಇಳಿಸಿದ. ಮೂಳೆ ಲಟಕ್ಕೆಂದದ್ದು ಸಾಲಿನಾಚೆಗೂ ಕೇಳಿಸಿತು.

ಅವಳು ತಮ್ಮನ ಮೇಲೆ ಬಿದ್ದಳು. ಯಾರದೋ ಕೋಲು ಅವಳ ಹುಬ್ಬಿನ ಮೇಲೆ ಬಿತ್ತು. ಹೊಡೆದವನು ಕೆಂಡ ಮುಟ್ಟಿದವನಂತೆ ಕೋಲು ಬಿಸುಟು, ಹೆಗಲ ಟವೆಲನ್ನು ಅವಳ ಹಣೆಗೊತ್ತಿ, "ನೋಡ್ಲಿಲ್ಲ ಕಣಕ್ಕ," ಎಂದು ಅಳತೊಡಗಿದ.

ಲಾರಿಯಣ್ಣನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಬಲೆ ಹೋಯಿತು, ದಿನ ಹೇಳುವವರಿಲ್ಲ, ಎಲ್ಲರ ಬಾಯಿಗೂ ಮಣ್ಣು ಬಿತ್ತು. ಇವನ ತೋಟವನ್ನೇ ಕಿತ್ತು ಬೆಂಕಿಯಿಡೋಣ ಎಂದು ಗಿಡಗಳಿಗೆ ಕೈ ಹಾಕಿದ. ಉಳಿದವರೂ ಹಿಂದೆಯೇ ಹೊರಟರು.

ಹುಳದಕ್ಕ ಎದ್ದು ಅವರ ಮುಂದೆ ಅಡ್ಡ ನಿಂತಳು. ಹಸಿ ಗಿಡ ಉರಿಯುವುದಿಲ್ಲ, ಬಾಡುತ್ತದೆ. ಬಾಡಿದ ಗಿಡದಿಂದ ಮರಿಗಳು ಇಳಿದು ನಿಮ್ಮ ತೋಟಗಳಿಗೇ ಹರಿಯುತ್ತವೆ ಎಂದಳು. ದಿನ ನಾನೇ ಹೇಳುತ್ತೇನೆ, ಬಲೆಯಿಲ್ಲದಿದ್ದರೆ ಕಣ್ಣಿದೆ ಅಂದಳು. ಲಾರಿಯಣ್ಣ ಬಾಯಿಗೆ ಬಂದಂತೆ ಬೈದ, ಆದರೆ ಕೈ ತೆಗೆದ.

ತಮ್ಮನ ಹೆಂಡತಿ ಗಂಡನನ್ನು ತೋಟದ ಕೋಣೆಗೆ ಎಳೆದುಕೊಂಡು ಹೋದಳು. ಹುಳದಕ್ಕ ಭೂತಗನ್ನಡಿ ಹಿಡಿದು ಸಾಲುಗಳಲ್ಲಿ ಮಂಡಿಯೂರಿ ಹೊರಟಳು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಟವೆಲ್ ತೋಯ್ದು ಎಲೆಗಳ ಮೇಲೆ ರಕ್ತ ತೊಟ್ಟಿಕ್ಕುತ್ತಿತ್ತು, ಒರೆಸಿಕೊಂಡೇ ತಿರುವಿದಳು. ಹೂವಿನ ಪಕ್ಕದ ಎಳೆ ಎಲೆಗಳಲ್ಲಿ ಸಾಸಿವೆಗಿಂತ ಸಣ್ಣ ಮೊಟ್ಟೆಗಳು. ಕೆಲವು ಇನ್ನೂ ಕೆನೆಬಣ್ಣ. ತೋಟದಿಂದ ತೋಟಕ್ಕೆ ಹೋದ ಹಾಗೆ ಹೆಚ್ಚಿನವು ಕಪ್ಪಾಗಿದ್ದವು. ಒಳಗಿನ ಮರಿಯ ತಲೆ ಕಾಣುತ್ತಿತ್ತು, ಒಡೆಯಲು ಇನ್ನೊಂದೇ ದಿನ.

ಸಂಘದ ಜಗಲಿಯಲ್ಲಿ ಎಲ್ಲರೂ ಕಾದಿದ್ದರು. ಯಾರೋ ಅವಳಿಗೆ ಕುರ್ಚಿ ಒರೆಸಿ ಇಟ್ಟಿದ್ದರು.

"ನಾಳೆ ಸಂಜೆ," ಅಂದಳು. "ಎಲ್ಲ ತೋಟ. ಅವನದ್ದೂ."

"ಅವನದ್ದು ಯಾರು ಹೊಡೀತಾರೆ? ಅವನಿಗೆ ಕೈಯೇ ಇಲ್ಲ," ಅಂದ ಲಾರಿಯಣ್ಣ.

"ಕೈ ಮುರಿದೋರು ಹೊಡೀಲಿ."



ಮರುದಿನ ಬಿಸಿಲಿಳಿದ ಮೇಲೆ ಎಲ್ಲ ತೋಟಗಳಲ್ಲೂ ಯಂತ್ರಗಳು ಸದ್ದು ಮಾಡಿದವು. ತಮ್ಮನ ತೋಟ ಮಾತ್ರ ಮೌನವಾಗಿತ್ತು. ಹುಳದಕ್ಕ ಬದುವಿನ ಮೇಲೆ ನಿಂತಿದ್ದಳು. ಹಗಲು ಕೈಜಾರಿದರೆ ತಮ್ಮನ ಬದುಕೂ ಜಾರಿದಂತೆ. ಕೊನೆಗೆ ಲಾರಿಯಣ್ಣ ತನ್ನದು ಮುಗಿಸಿ, ಕಿವಿಯ ಬ್ಯಾಂಡೇಜು ಸರಿಮಾಡಿಕೊಂಡು, ಟ್ಯಾಂಕು ಬೆನ್ನಿಗೇರಿಸಿ ಬಂದ. ಬದುವಿನಲ್ಲಿ ನಿಂತು ಒಮ್ಮೆ ಉಗಿದ. ಒಳಗೆ ಕಾಲಿಟ್ಟ.

ಸಾಲುದ್ದಕ್ಕೂ ಅವನು ತಮ್ಮನ ವಂಶವನ್ನೇ ಜಾಲಾಡುತ್ತಿದ್ದ. ಕೋಣೆಯ ಕಿಟಕಿ ಬಂದಾಗ ಮಾತ್ರ ಔಷಧಿಯ ಮಂಜು ಒಳಗೆ ಹೋಗದಂತೆ ಬೆರಳು ಸಡಿಲಿಸಿ, ದಾಟಿದ ಮೇಲೆ ಮತ್ತೆ ಒತ್ತುತ್ತಿದ್ದ. ಅವಳು ಹಿಂದೆ ಹಿಂದೆಯೇ ಹೋಗಿ ಎಲೆ ತಿರುವಿದಳು. ಆಗತಾನೇ ಹೊರಬಂದ, ಕೂದಲೆಳೆಯಂಥ ಮರಿಗಳು ಬಾಗಿ ಉದುರುತ್ತಿದ್ದವು. ಕಾಯಿಗಳಲ್ಲಿ ತೂತಿರಲಿಲ್ಲ.

ಕೊನೆಯ ಸಾಲು ಮುಗಿಯುವಾಗ ಕೋಣೆಯ ಬಾಗಿಲು ತೆರೆಯಿತು. ತಮ್ಮ ಗೋಡೆ ಹಿಡಿದು ಬಂದ. ಮುಖ ಊದಿ ಗುರುತೇ ಸಿಗುವಂತಿರಲಿಲ್ಲ, ಬಲಗೈ ಕುತ್ತಿಗೆಗೆ ಕಟ್ಟಿತ್ತು. ಹೆಂಡತಿ ಹಿಂದೆ ಬಂದು ಬಾಗಿಲಲ್ಲೇ ನಿಂತಳು. ಅವನು ನಲ್ಲಿಯ ಬಳಿ ಸೋಪು ತೋರಿಸಿದ. ಲಾರಿಯಣ್ಣ ಟ್ಯಾಂಕು ಇಳಿಸಿ, ಔಷಧಿ ಹೋಗುವಂತೆ ಮೊಣಕೈವರೆಗೂ ತಿಕ್ಕಿ ತೊಳೆದ.

ತಮ್ಮ ಒಳಗೆ ಹೋಗಿ ಊಟದ ಡಬ್ಬಿ ತಂದ. ಒಂದು ಕೈಗೆ ಮುಚ್ಚಳ ಬಿಚ್ಚಲು ಬರಲಿಲ್ಲ. ಮುಚ್ಚಿದ ಹಾಗೆಯೇ ಲಾರಿಯಣ್ಣನ ಮುಂದೆ ಚಾಚಿದ.