ಹಿಮ ನಿಂತದ್ದು ಎಂಟು ಗಂಟೆಗೆ

ಹೆಜ್ಜೆಗಳು ಒಳಗೆ ಹೋಗಿವೆ, ಹೊರಗೆ ಬಂದಿಲ್ಲ — ನೂರಹನ್ನೆರಡನೆಯ ಪುಟದ ಈ ಸಾಲಿನ ಮೇಲೆ ನನ್ನ ತೋರುಬೆರಳು ನಿಂತುಬಿಟ್ಟಿದೆ, ಇನ್ನೊಂದು ಕೈಯ ಚಹಾ ತುಟಿಗೆ ತಲುಪದೆ ಆರುತ್ತಿದೆ, ಕ್ರಿಸ್‌ಮಸ್ಸಿನ ಹಿಂದಿನ ಸಂಜೆ, ದೊಡ್ಡ ಬಂಗಲೆ, ಉಯಿಲಿನ ಆಸೆಗೆ ನೆರೆದ ನೆಂಟರಿಷ್ಟರು, ಮೂಲೆಯಲ್ಲಿ ದೀಪ ಹಚ್ಚಿದ ಮರ, ಹಿಮ ಸರಿಯಾಗಿ ಎಂಟು ಗಂಟೆಗೆ ನಿಂತಿದೆ — ಈ ಬಗೆಯ ಪುಸ್ತಕಗಳಲ್ಲಿ ಹಿಮ ಯಾವಾಗಲೂ ಗಡಿಯಾರ ನೋಡಿಕೊಂಡೇ ನಿಲ್ಲುತ್ತದೆ — ತೋಟದ ಮನೆಯ ಬಾಗಿಲಿನವರೆಗೆ ಒಂದು ಜೊತೆ ಹೆಜ್ಜೆ, ಮರಳಿದ ಗುರುತಿಲ್ಲ, ಒಳಗೆ ಸತ್ತ ಯಜಮಾನನ ಹೊರತು ನರಪಿಳ್ಳೆಯೂ ಇಲ್ಲ, ಮತ್ತು ಇದನ್ನು ನಾನು ಕೇಳಿದ್ದೇನೆ, ಓದಿದ್ದಲ್ಲ, ಕಿವಿಯಾರೆ ಕೇಳಿದ್ದು, ಅಜ್ಜಿಯೊಬ್ಬಳ ಹಲ್ಲಿಲ್ಲದ ಬಾಯಿಯಿಂದ, ಹತ್ತಿಯ ವಾಸನೆಯ ನಡುವೆ. ಆದರೆ ಹಿಮ ಇರಲಿಲ್ಲ, ಹಿಟ್ಟಿತ್ತು. ಹಿಟ್ಟಿನ ಮೇಲಿನ ಹೆಜ್ಜೆ. ಅರವತ್ತಮೂರನೆಯ ಕಥೆ, ನನ್ನ ಜನಪದ ಕಥೆಗಳ ಸಂಗ್ರಹದ ಕೊನೆಯ ಕಥೆ, ಅದರ ಕರಡು ಈ ಪುಸ್ತಕದ ಪಕ್ಕದಲ್ಲೇ, ಕನ್ನಡಕದ ಡಬ್ಬಿಯ ಕೆಳಗೆ, ಫ್ಯಾನಿನ ಗಾಳಿಗೆ ಅಂಚು ಎತ್ತಿ ಎತ್ತಿ ನೋಡುತ್ತಿದೆ. ಅಚ್ಚುಮನೆಯವನು ಬೆಳಿಗ್ಗೆ ಫೋನ್ ಮಾಡಿದ್ದ, ಮೇಡಂ ಹನ್ನೆರಡಕ್ಕೆ ಮಷಿನ್ ಮೇಲೆ ಹಾಕ್ತೀನಿ, ಆಮೇಲೆ ಅಲ್ಲೊಂದು ಕೊಂಬು ಇಲ್ಲೊಂದು ಒತ್ತು ಅಂದ್ರೆ ನಾನು ಕೇಳಲ್ಲ, ಹೋದ ಸಲದ ಹಾಗೆ ಅಳಬೇಡಿ, ನಾನು ಅತ್ತಿಲ್ಲಪ್ಪ, ಅತ್ತಿಲ್ಲ ಅಂದ್ರೆ ಇನ್ನೇನು, ಮೂರು ದಿನ ಮಷಿನ್ ನಿಲ್ಲಿಸಿದ್ರಿ. ಈಗ ಹತ್ತೂಕಾಲು. ಕಥೆ ಇರಬೇಕೋ ತೆಗೆಯಬೇಕೋ, ನನ್ನದೋ ಆ ಅಜ್ಜಿಯದೋ, ಕದ್ದದ್ದೋ ಕೇಳಿದ್ದೋ — ಇಷ್ಟನ್ನು ಹನ್ನೆರಡರೊಳಗೆ ತಿಳಿಯಬೇಕು, ಮತ್ತು ನನಗೆ ಏನೂ ತಿಳಿಯುತ್ತಿಲ್ಲ.

ವರ್ಷವಿಡೀ ಅಜ್ಜಿಕಥೆ, ವರ್ಷದ ಕೊನೆಗೆ ಹೆಣದ ಕಥೆ, ನಿನ್ನ ತಲೆಯೊಳಗೆ ಯಾರು ಬಾಡಿಗೆಗಿದ್ದಾರೋ ದೇವರೇ ಬಲ್ಲ, ಅನ್ನುತ್ತಾಳೆ ತಂಗಿ, ಅವಳ ಮಾತು ನಿಜ, ಡಿಸೆಂಬರ್ ಬಂತೆಂದರೆ ನಾನು ಈ ಹದಿನಾಲ್ಕು ಪುಸ್ತಕಗಳನ್ನು ಕಪಾಟಿನ ಕೆಳಗಿನ ಅರೆಯಿಂದ ಹೊರತೆಗೆಯುತ್ತೇನೆ, ಎಲ್ಲವೂ ಕ್ರಿಸ್‌ಮಸ್ಸಿನ ಕೊಲೆಗಳೇ, ಬೇರೆ ತಿಂಗಳ ಕೊಲೆ ನನಗೆ ರುಚಿಸದು, ಕೊಲೆಗಾರ ಯಾರೆಂದು ಗೊತ್ತಿದ್ದೂ ಓದುತ್ತೇನೆ, ಗೊತ್ತಿರುವುದರಿಂದಲೇ ಓದುತ್ತೇನೆ, ಮೂವತ್ತು ವರ್ಷ ಊರೂರು ತಿರುಗಿ ತುದಿಮೊದಲಿಲ್ಲದ ಕಥೆಗಳನ್ನು ಬರೆದುಕೊಂಡವಳಿಗೆ, ಕಡೆಯ ಪುಟದಲ್ಲಿ ಎಲ್ಲರನ್ನೂ ಕೂರಿಸಿ ಇವನೇ ಎಂದು ಬೆರಳು ತೋರಿಸುವ ಕಥೆಯೆಂದರೆ ಬಿಸಿನೀರಿನ ಸ್ನಾನದ ಹಾಗೆ. ಆದರೆ ಹದಿನಾಲ್ಕೂ ಒಂದಾಗಿ ಕಲಸಿಹೋಗಿವೆ, ಯಾವ ಬಂಗಲೆಯ ಚಿಕ್ಕಪ್ಪ ಯಾವ ಪುಸ್ತಕದಲ್ಲಿ ಸತ್ತ, ವಿಷವಿದ್ದದ್ದು ಕೇಕಿನಲ್ಲೋ ಕಷಾಯದಲ್ಲೋ, ನೆನಪಿಲ್ಲ. ಮೊದಲ ಹಾಳೆ ತಿರುಗಿಸಿದೆ, ಕೊಂಡ ದಿನಾಂಕ ಬರೆಯುವ ಚಾಳಿ ನನಗುಂಟು, ಬರೆದಿದೆ — ಹನ್ನೊಂದು ವರ್ಷದ ಹಿಂದೆ. ಅರವತ್ತಮೂರನೆಯ ಕಥೆಯನ್ನು ಹಾಸಿಗೆ ಹೊಲಿಯುವ ಅಜ್ಜಿ ಹೇಳಿದ್ದು ಒಂಬತ್ತು ವರ್ಷದ ಹಿಂದೆ. ಅಂದರೆ ಓದಿದ್ದು ಮೊದಲು, ಕೇಳಿದ್ದು ಆಮೇಲೆ. ಕೇಳಿದೆನೇ? ಟೇಪು ಹಾಕಿದೆ, ಅಜ್ಜಿಯ ಕೆಮ್ಮು, ಸೂಜಿಗೆ ನೂಲು ಪೋಣಿಸಿ ಕೊಡೇ ಟೇಪಮ್ಮ ನನ್ನ ಕಣ್ಣು ಮಣ್ಣಾಗಿವೆ ಎಂಬ ಮಾತು, ಒಂದಾನೊಂದು ಗಿರಣಿಯವನ ಹೆಂಡತಿ ಇದ್ದಳು, ಟಕ್. ಟೇಪು ಮುಗಿದಿದೆ. ಬೇರೆ ಟೇಪು ಇರಲಿಲ್ಲ. ನನ್ನ ನಿಯಮ ಕಟ್ಟುನಿಟ್ಟು, ಟೇಪಿನಿಂದ ಇಳಿಸಿದ್ದು ಕಪ್ಪು ಶಾಯಿ, ನೆನಪಿನಿಂದ ಬರೆದದ್ದು ಕೆಂಪು ಶಾಯಿ, ಎಂಟು ಪುಟ, ಎಂಟೂ ಪುಟ ಕೆಂಪು, ಕುಂಕುಮದ ಭರಣಿ ಉರುಳಿದ ಹಾಗೆ. ಇವಳ ಸಂಗ್ರಹಕ್ಕೆ ಮಣ್ಣಿನ ವಾಸನೆಗಿಂತ ಪುಸ್ತಕದ ಹುಳದ ವಾಸನೆ ಜಾಸ್ತಿ ಎಂದು ನಮ್ಮ ವಿಭಾಗದ ಹಳೆಯ ಮುಖ್ಯಸ್ಥರು ಒಮ್ಮೆ ಸಭೆಯಲ್ಲಿ ಅಂದಿದ್ದರು, ಜನ ನಕ್ಕಿದ್ದರು, ನಾನೂ ನಕ್ಕಿದ್ದೆ, ಆ ರಾತ್ರಿಯಿಂದಲೇ ಕೆಂಪು ಶಾಯಿ ಕೊಂಡದ್ದು. ಈಗ ಅದೇ ಶಾಯಿ ನನ್ನ ಮುಂದೆ ಕೂತು, ನೀನೇ, ಎನ್ನುತ್ತಿದೆ.

ಅಜ್ಜಿಯನ್ನು ಕೇಳೋಣವೆಂದರೆ ಅವಳು ಹೋಗಿ ಮೂರು ವರ್ಷವಾಯಿತು, ಮಗಳಿದ್ದಾಳೆ, ದರ್ಜಿ, ಅದೇ ಬೀದಿಯಲ್ಲಿ ಅದೇ ಎರಡು ಮೆಟ್ಟಿಲಿನ ಅಂಗಡಿ, ಒಂದು ಕಾಲದಲ್ಲಿ ಅರ್ಧದಲ್ಲಿ ತಾಯಿಯ ಹತ್ತಿ ಅರ್ಧದಲ್ಲಿ ಮಗಳ ಹೊಲಿಗೆಯಂತ್ರ, ನಡುವೆ ನನ್ನ ಸ್ಟೂಲು, ಫೋನ್ ಮಾಡಿದೆ, ಯಂತ್ರದ ಸದ್ದು ಮೊದಲು ಬಂತು ಆಮೇಲೆ ಅವಳು, ಓ ಟೇಪಕ್ಕನಾ, ಬದುಕಿದ್ದೀರಾ, ನಾವೆಲ್ಲ ನಿಮ್ಮನ್ನ ಸತ್ತವರ ಲೆಕ್ಕದಲ್ಲಿ ಬರೆದಿದ್ವಿ, ನಗು, ನಾನು ನಗದೆ ಕೇಳಿದೆ, ಗಿರಣಿಯವನ ಹೆಂಡತಿ ಕಥೆ, ಅದನ್ನು ನಿನ್ನಮ್ಮ ಹೇಳಿದ್ದು ನಿಜವೇನಮ್ಮ, ನಾನೇ ಕಟ್ಟಿಕೊಂಡದ್ದಲ್ಲ ತಾನೆ. ಹೇಳಿದ್ಲಲ್ಲ, ನಾನು ಇಸ್ತ್ರಿ ಮಾಡ್ತಿದ್ದೆ, ಕೇಳ್ತಾ ಕೇಳ್ತಾ ಯಾರದೋ ಮದುವೆ ರವಿಕೆ ಸುಟ್ಟೆ, ಮರೆಯೋಕಾಗತ್ತಾ. ಉಸಿರು ಬಂತು, ಬಂದ ಉಸಿರು ಹೋಗುವ ಮೊದಲೇ ಅವಳು, ಆದ್ರೆ ಅಕ್ಕ, ಅದನ್ನ ಮೊದಲು ಹೇಳಿದ್ದು ನೀವೇ ಅಲ್ವಾ, ಅಂದಳು. ನಾನೇ. ಕಥೆಗೆ ಕಥೆ — ಅಜ್ಜಿಯ ಶರತ್ತು, ಬರಿಗೈಲಿ ಬಂದವರಿಗೆ ನನ್ನ ಹತ್ರ ಕಥೆಯಿಲ್ಲ, ಒಂದು ಕೊಡು ಒಂದು ತಗೋ, ನನ್ನಲ್ಲಿದ್ದ ಕಥೆಗಳೆಲ್ಲ ಬೇರೆ ಅಜ್ಜಿಯರವು, ಅವನ್ನು ಕೊಟ್ಟರೆ ಬೆರಕೆಯಾಗುತ್ತದೆ, ಒಬ್ಬಳ ಹಿಟ್ಟು ಇನ್ನೊಬ್ಬಳ ಡಬ್ಬಿಗೆ ಬೀಳುತ್ತದೆ ಎಂದು ಹೆದರಿ, ಎಷ್ಟು ಜಾಣೆ ನಾನು, ಯಾವ ಅಜ್ಜಿಗೂ ಸಂಬಂಧವಿಲ್ಲದ ಕಥೆಯೆಂದು ಡಿಸೆಂಬರಿನ ಕೊಲೆಯೊಂದನ್ನು ಕೊಟ್ಟಿದ್ದೆ. ಹೌದು, ಕೊಟ್ಟಿದ್ದೆ, ಮಧ್ಯಾಹ್ನ, ಬಿಸಿಲು, ಹತ್ತಿಯ ಎಳೆ ಮೂಗಿನೊಳಗೆ, ಹಿಮ ಅಂದ್ರೆ ಹೆಂಗಿರತ್ತೆ ಟೇಪಮ್ಮ, ನಾನೂ ನೋಡಿಲ್ಲ ಅಜ್ಜಿ, ನೋಡದೇ ಇದ್ದಿದ್ದನ್ನ ಹೇಳ್ತಿದ್ದೀಯಲ್ಲೇ ಭಂಡಿ, ಬೆಳ್ಳಗೆ ಮೆತ್ತಗೆ ಅಜ್ಜಿ, ಹತ್ತಿ ಹಂಗಾ, ಅಲ್ಲ ಹೆಜ್ಜೆ ಮೂಡಬೇಕಲ್ಲ, ಹಿಟ್ಟು ಚೆಲ್ಲಿದ ಹಾಗೆ. ಹಿಟ್ಟನ್ನೂ ನಾನೇ ಕೊಟ್ಟದ್ದು! ಅಜ್ಜಿಯ ಸೂಜಿ ಆಗ ನಿಂತಿತ್ತು — ನಿಂತಿತ್ತೇ, ಅಥವಾ ಈಗ ನಾನು ನಿಲ್ಲಿಸುತ್ತಿದ್ದೇನೆಯೇ, ಇದನ್ನು ಯಾವ ಶಾಯಿಯಲ್ಲಿ ಬರೆಯಲಿ — ಹಿಟ್ಟಿನ ಮೇಲೆ ಹಿಂದುಹಿಂದಕ್ಕೆ ನಡೆದಳಾ ಆ ಕೊಂದ ಹೆಂಗಸು, ಎಂದು ಅಜ್ಜಿ ಕೇಳಿದಳು, ಹೌದು ಅಜ್ಜಿ, ಬರುವಾಗಿನ ಹೆಜ್ಜೆಯನ್ನು ಬೀಳುತ್ತಿದ್ದ ಹಿಮವೇ ಮುಚ್ಚಿತು, ಹೋಗುವಾಗ ಬೆನ್ನು ಹೊರಗೆ ಮಾಡಿ ನಡೆದಳು, ನೋಡಿದವರಿಗೆ ಒಳಗೆ ಹೋದ ಹಾಗೆ, ಭಲೇ ಎಂದಳು ಅಜ್ಜಿ, ಮುಂದಿನ ವರ್ಷ ನಾನು ಹೋದಾಗ ಗಿರಣಿಯವನ ಹೆಂಡತಿ ಹುಟ್ಟಿದ್ದಳು.

ತೆಗೆದುಬಿಡುತ್ತೇನೆ, ಹತ್ತೂಮುಕ್ಕಾಲು, ಎಂಟು ಪುಟ ಖಾಲಿ ಹೋದರೆ ಹೋಗಲಿ, ಮರ್ಯಾದೆ ಉಳಿದೀತು, ಹಾಗೆಂದೇ ಹೇಳಿದೆ, ಇದು ಪುಸ್ತಕದ್ದಮ್ಮ, ನಿನ್ನಮ್ಮನದಲ್ಲ, ತೆಗೆಯುತ್ತಿದ್ದೇನೆ, ಯಂತ್ರ ನಿಂತಿತು. ಎಲ್ಲಾನೂ ಪುಸ್ತಕದ್ದಾ ಅಕ್ಕ. ಹೆಜ್ಜೆ ಪುಸ್ತಕದ್ದು. ಮಗು? ಮಗುವೇ, ನಾನು ಕರಡು ಎಳೆದುಕೊಂಡೆ, ಕನ್ನಡಕದ ಡಬ್ಬಿ ನೆಲಕ್ಕೆ ಬಿತ್ತು, ಹೌದು ಏಳನೆಯ ಪುಟ, ಗಿರಣಿಯವನ ಹೆಂಡತಿ ಸೊಂಟದ ಮಗುವಿನೊಡನೆ ಬೆಳಕು ಹರಿಯುವ ಮೊದಲು ಹಿಟ್ಟಿನ ನೆಲದ ಮೇಲೆ ಹಿಂದಕ್ಕೆ ನಡೆದಳು, ಹಿಂಬಾಗಿಲಿನ ಅಗುಳಿ ತೆಗೆಯಲು ಎರಡೂ ಕೈ ಬೇಕು, ಮಗುವನ್ನು ಒಂದೇ ಗಳಿಗೆ ಕೆಳಗಿಳಿಸಿದಳು, ದೊಡ್ಡ ಹೆಜ್ಜೆಗಳೆಲ್ಲ ಒಳಮುಖ, ಒಂದು ಪುಟ್ಟ ಪಾದ ಮಾತ್ರ ಹೊರಮುಖ, ಗಂಡನೂ ಮೈದುನರೂ ದೊಣ್ಣೆ ಹಿಡಿದು ಬಂದರು, ಎಲ್ಲರಿಗಿಂತ ಮುಂದಿದ್ದ ಗಂಡ ಆ ಪುಟ್ಟ ಪಾದವನ್ನು ನೋಡಿದ, ನೋಡಿ, ಕೈಗೆ ಸಿಕ್ಕ ಬುಟ್ಟಿಯೊಂದನ್ನು ಅದರ ಮೇಲೆ ಮಗುಚಿ ಹಾಕಿದ, ತಮ್ಮಂದಿರತ್ತ ತಿರುಗಿ, ಒಳಗೇ ಇದ್ದಾಳೆ, ಮೂಟೆ ಸರಿಸಿ ಹುಡುಕ್ರೋ ಎಂದ, ಅವರು ಸಂಜೆಯವರೆಗೆ ಮೂಟೆ ಸರಿಸಿದರು, ಅಷ್ಟರಲ್ಲಿ ಅವಳು ಹೊಳೆ ದಾಟಿದ್ದಳು. ಆ ಪಾದ ನಂದು ಅಕ್ಕ, ಅಂದಳು ದರ್ಜಿ. ನಮ್ಮಪ್ಪನಿಗೆ ಗಿರಣಿ ಇತ್ತು, ಚಿಕ್ಕಪ್ಪಂದಿರು ಅಮ್ಮನ್ನ ಮೂಟೆ ಬಡಿದ ಹಾಗೆ ಬಡೀತಿದ್ರಂತೆ, ನಂಗೆರಡು ವರ್ಷ, ಅಪ್ಪ ನಮ್ಮನ್ನ ಹುಡುಕ್ಕೊಂಡು ಬರ್ಲೇ ಇಲ್ಲ, ಬೇಡ್ದೇ ಇದ್ದೋರನ್ನ ಯಾರು ಹುಡುಕ್ತಾರೆ ಅಂತ ಅಂದ್ಕೊಂಡೇ ಬೆಳೆದೆ, ಅವತ್ತು ಇಸ್ತ್ರಿ ಮಾಡ್ತಾ ನಿಂತಾಗ ಬುಟ್ಟಿ ವಿಷಯ ಕೇಳಿದ್ದು, ಅದಕ್ಕೇ ರವಿಕೆ ಸುಟ್ಟಿದ್ದು, ಅಮ್ಮನ್ನ ಕೇಳ್ದೆ, ಅಪ್ಪ ಬುಟ್ಟಿ ಮುಚ್ಚಿದ್ದು ನಿಂಗೆ ಹೆಂಗೆ ಗೊತ್ತು, ನೀನು ಆಗ್ಲೇ ಹೋಗಿದ್ಯಲ್ಲ ಅಂತ, ಕಥೇಲಿ ಹಾಗೆಲ್ಲ ಕೇಳಬಾರದು ಅಂದ್ಬಿಟ್ಲು. ದೂರದಲ್ಲಿ ಯಾರೋ ಗಿರಾಕಿ, ತೋಳು ಬಿಗಿಯಾಯ್ತಮ್ಮ, ಸ್ವಲ್ಪ ಇರಿ ಅತ್ತಿಗೆ. ಆಮೇಲೆ ತಗ್ಗಿದ ದನಿ, ಅಕ್ಕ, ಒಂದೇ ಒಂದು ನೋಡಿ ಹೇಳಿ, ನಿಮ್ಮ ಪುಸ್ತಕದಲ್ಲಿ ಬುಟ್ಟಿ ಇದೆಯಾ, ಬುಟ್ಟಿ ಅಲ್ಲಿಂದ ಬಂದಿದ್ರೆ ಅಪ್ಪ ಏನೂ ಮುಚ್ಚಿಲ್ಲ, ಅಲ್ಲಿ ಇಲ್ದೇ ಇದ್ರೆ, ಇಲ್ದೇ ಇದ್ರೆ ಅಮ್ಮಂಗೆ ಏನೋ ಗೊತ್ತಿತ್ತು ಅಂತಾಯ್ತಲ್ಲ, ನಾನು ಕಾಯ್ತೀನಿ.

ಅವಳು ಕಾಯುತ್ತಿದ್ದಾಳೆ, ಫೋನು ಮೇಜಿನ ಮೇಲೆ ಬಾಯಿ ಮೇಲೆ ಮಾಡಿ ಮಲಗಿದೆ, ನಾನು ನೂರಹದಿಮೂರು, ನೂರಹದಿನಾಲ್ಕು, ಇಷ್ಟು ವರ್ಷ ಕೊಲೆಗಾರನನ್ನು ಹುಡುಕಿ ಓದಿದ ಪುಸ್ತಕದಲ್ಲಿ ಬುಟ್ಟಿಯನ್ನು ಹುಡುಕುತ್ತಿದ್ದೇನೆ, ಸಿಗದಿರಲಿ ಎಂದು ಹುಡುಕುತ್ತಿದ್ದೇನೆ, ಹೀಗೂ ಒಂದು ಓದುಂಟೇ, ನೆಂಟರೆಲ್ಲ ಅಗ್ಗಿಷ್ಟಿಕೆಯ ಮುಂದೆ ಒಬ್ಬರನ್ನೊಬ್ಬರು ಅನುಮಾನಿಸುತ್ತ ಸಿಹಿ ತಿನ್ನುತ್ತಿದ್ದಾರೆ, ಇನ್ಸ್‌ಪೆಕ್ಟರು ಬೂಟಿನ ಹಿಮ ಕೊಡವುತ್ತಿದ್ದಾನೆ, ಸತ್ತವನ ಹಿರಿಯ ಸೊಸೆ ಮುಖ ಒರೆಸಿಕೊಳ್ಳುತ್ತಿದ್ದಾಳೆ, ಅವಳೇ ಎಂದು ನನಗೆ ಗೊತ್ತು, ಬಿಡು ತಾಯಿ ನಿನ್ನದಲ್ಲ ಈಗ, ನೂರಮೂವತ್ತೊಂದು, ಬುಟ್ಟಿಯಿಲ್ಲ, ನೂರಮೂವತ್ತೆಂಟು, ಮಗುವೂ ಇಲ್ಲ, ಈ ಬಂಗಲೆಯಲ್ಲಿ ಮಕ್ಕಳೇ ಇಲ್ಲ, ಮಗು ಅಜ್ಜಿಯದೇ, ಮಗು ನಿಜ, ನೂರನಲವತ್ತನಾಲ್ಕು — ಮತ್ತೆ ಹಿಮ ಬೀಳುವಂತಿದೆ ಎಂದು ಮುದಿ ತೋಟಗಾರ ಆಕಾಶ ನೋಡುತ್ತಾನೆ, ಪೊಲೀಸರು ಬರುವವರೆಗೆ ಗುರುತು ಅಳಿಯದಿರಲೆಂದು, ಎಲ್ಲಕ್ಕಿಂತ ಸ್ಪಷ್ಟವಾದ ಒಂದು ಹೆಜ್ಜೆಯ ಮೇಲೆ ಖಾಲಿ ಹೂಕುಂಡವೊಂದನ್ನು ಮಗುಚಿ ಹಾಕುತ್ತಾನೆ. ಹೂಕುಂಡ. ಎರಡು ಸಲ ಓದಿದೆ, ಮೂರು ಸಲ ಓದಿದೆ. ಇಲ್ಲಿ ಮುಚ್ಚಿದ್ದು ಉಳಿಸಲು, ಅಲ್ಲಿ ಮುಚ್ಚಿದ್ದು ಅಡಗಿಸಲು, ಇಲ್ಲಿ ತೋಟಗಾರ, ಅಲ್ಲಿ ಗಂಡ, ಅಜ್ಜಿಗೆ ನಾನು ಹೂಕುಂಡದ ಸಂಗತಿಯನ್ನು ಹೇಳಿದ್ದೆನೇ, ಹೇಳಿರಲೇಬೇಕು, ಒಂದನ್ನೂ ಬಿಡದೆ ಹೇಳುವವಳು ನಾನು, ಇಲ್ಲ, ಆ ಹೊತ್ತಿಗೆ ಬಸ್ಸಿಗೆ ತಡವಾಗಿತ್ತು, ಕೊನೆಯನ್ನು ಓಡಿಸಿ ಹೇಳಿದ್ದೆ, ಹೇಳಿದ್ದೆನೇ — ಹೊಳೆಯಾಚೆಯ ಸುದ್ದಿ ಅಜ್ಜಿಗೆ ಯಾರಾದರೂ ತಂದಿದ್ದರೇ, ಗಂಡನೇ ಒಮ್ಮೆ ಬಂದು ಹತ್ತಿಯ ಮುಂದೆ ಕೂತು ಹೇಳಿ ಹೋಗಿದ್ದನೇ, ಅಥವಾ ಹೂಕುಂಡವನ್ನು ಬುಟ್ಟಿ ಮಾಡಿ ಅವನ ಕೈಗೆ ಇವಳೇ ಕೊಟ್ಟಳೇ, ಇಷ್ಟು ವರ್ಷವಾದ ಮೇಲೆ, ಪಾಪ ಅವನ ಕೈಯಲ್ಲೂ ಏನಾದರೊಂದು ಇರಲಿ ಎಂದು. ಫೋನಿನಿಂದ ಅಕ್ಕ ಅಕ್ಕ ಎಂಬ ಸಣ್ಣ ಕೂಗು, ಅದರ ಮೇಲೆ ಟಿಣ್ ಟಿಣ್, ಅಚ್ಚುಮನೆಯವನು ನಡುವೆ ಬಡಿಯುತ್ತಿದ್ದಾನೆ. ಎತ್ತಿಕೊಂಡೆ. ಸಿಕ್ತಾ ಅಕ್ಕ? ಇಲ್ಲಮ್ಮ, ಎಂದೆ, ಪೂರ್ತಿ ನೋಡಿದೆ, ಪುಸ್ತಕದಲ್ಲಿ ಬುಟ್ಟಿ ಇಲ್ಲ. ನಿಜವಾಗ್ಲೂ? ಎಲ್ಲೂ ಬುಟ್ಟಿ ಇಲ್ಲ. ಮೂಗು ಏರಿಸಿದ ಸದ್ದು, ಆಮೇಲೆ, ಹಾಗಾದ್ರೆ ತೆಗೀಬೇಡಿ ಅಕ್ಕ, ಅಷ್ಟೇ, ಫೋನಿಡಲು ಮರೆತಳು, ಯಂತ್ರ ಮತ್ತೆ ಓಡತೊಡಗಿತು, ಉದ್ದನೆಯ ನೇರ ಹೊಲಿಗೆಯ ಸದ್ದು.

ಅಚ್ಚುಮನೆಯವನಿಗೆ, ಇರಲಿ, ಎಂದೆ. ಏನಿರಲಿ ಮೇಡಂ? ಅರವತ್ತಮೂರು ಇರಲಿ. ಅದು ಇದ್ದೇ ಇದೆಯಲ್ಲ, ನಾನು ಕೇಳ್ತಿರೋದು ಅದರ ಕೆಳಗೆ ಯಾರಿಂದ ಕೇಳಿದ್ದು ಅನ್ನೋ ಸಾಲು ಖಾಲಿ ಬಿಟ್ಟಿದ್ದೀರಿ, ಉಳಿದ ಅರವತ್ತೆರಡಕ್ಕೂ ಇದೆ, ಒಂದಕ್ಕೆ ಇಲ್ದಿದ್ರೆ ಹಲ್ಲು ಬಿದ್ದ ಹಾಗೆ ಕಾಣತ್ತೆ, ಬೇಗ ಹೇಳಿ, ಬರ್ಕೋತೀನಿ. ಹೇಳಬೇಕು, ಹಾಸಿಗೆ ಹೊಲಿಯುವ ಅಜ್ಜಿಯಿಂದ, ಅಜ್ಜಿಗೆ ನನ್ನಿಂದ, ನನಗೆ ಪುಸ್ತಕದಿಂದ, ಮಗು ಮಾತ್ರ ಅಜ್ಜಿಯದು, ಬುಟ್ಟಿ — ನಾನು ಸುಳ್ಳು ಹೇಳಲಿಲ್ಲ, ಹೂಕುಂಡ ಬುಟ್ಟಿಯಲ್ಲ, ಯಾವ ನಿಘಂಟಿನಲ್ಲೂ ಅಲ್ಲ, ಅವಳು ಕೇಳಿದ್ದಕ್ಕೆ ಅಕ್ಷರಶಃ ಉತ್ತರ ಕೊಟ್ಟೆ, ಮೂವತ್ತು ವರ್ಷದಲ್ಲಿ ಇಷ್ಟು ನಿಖರವಾಗಿ ನಾನು ಯಾವುದನ್ನೂ ಹೇಳಿಲ್ಲ, ಇಷ್ಟು — ಮೇಡಂ, ಲೈನಲ್ಲಿದ್ದೀರಾ, ಇದ್ದೇನಪ್ಪ, ಬರ್ಕೋ, ಎಂದು ಬಾಯಿ ತೆರೆದಿದ್ದೇನೆ, ಬಿಳಿಯ ನೆಲ, ಒಳಮುಖದ ಹೆಜ್ಜೆಗಳು, ಅಗುಳಿ ತೆಗೆದ ಬಾಗಿಲು, ಬಾಗಿಲ ಬಳಿ ಮಗುಚಿ ಹಾಕಿದ ಬುಟ್ಟಿ, ಅದನ್ನು ಎತ್ತಿ ನೋಡಿದರೆ ಯಾರು ಮುಚ್ಚಿದ್ದೆಂದು ತಿಳಿಯುತ್ತದೆ, ಕೈ ಚಾಚಿದ್ದೇನೆ, ಎತ್ತಲಾರೆ, ಬುಟ್ಟಿ, ಅದರ ಹೆಣಿಗೆಯ ಸಂದಿನಲ್ಲಿ ಹಿಟ್ಟಿನ ಬಿಳುಪು, ಬುಟ್ಟಿ