ಸೇತುವೆ ಕಾಯುವ ದಳ

ಶನಿವಾರ ಸಂಜೆ ಲಾಂಡ್ರಿ ಕೆಲಸದಿಂದ ಬಂದವಳೇ ಊಟದ ಮೇಜಿನತ್ತ ನೋಡಿದೆ. ನನ್ನ ಯುದ್ಧ ಬಿಟ್ಟಲ್ಲೇ ಇತ್ತು. ನೆಪೋಲಿಯನ್ನನ ಕಾಲದ ಸೈನ್ಯವೊಂದು ಹಿಮದಲ್ಲಿ ಹಿಮ್ಮೆಟ್ಟುತ್ತಿದೆ. ಉಗುರಿನಷ್ಟೆತ್ತರದ ಸಿಪಾಯಿಗಳ ದಳವೊಂದು ಸೇತುವೆಯ ಮೇಲೆ ನಿಂತು, ಬೆನ್ನಟ್ಟಿ ಬಂದವರನ್ನು ತಡೆಯುತ್ತಿದೆ. ಇದು ಒಬ್ಬರೇ ಆಡುವ ಆಟ. ಶತ್ರು ಏನು ಮಾಡುತ್ತಾನೆಂಬುದನ್ನು ಕಟ್ಟಿನಿಂದ ಎಳೆದ ಕಾರ್ಡು ಹೇಳುತ್ತದೆ. ಆಟದ ಪೆಟ್ಟಿಗೆ ತಂದವರು ಭಾವ. ನಿಯಮದ ಪುಸ್ತಕ ತೆರೆದು ಆಕಳಿಸಿ ನನ್ನ ಕೈಗಿತ್ತಿದ್ದರು.

ಅಜ್ಜಿಯ ಕತೆಗಳಲ್ಲಿ ರಾಜ ಬೆರಳು ತೋರಿಸಿದರೆ ಸಾಕು, ದಂಡು ಏಳು ಸಮುದ್ರ ದಾಟುತ್ತಿತ್ತು. ಯಾರಿಗೂ ಕಾಲು ನೋಯುತ್ತಿರಲಿಲ್ಲ. ಈ ಆಟದಲ್ಲಿ ನೋಯುತ್ತದೆ.

ನನಗೂ ನೋಯುತ್ತಿತ್ತು. ಹೋಟೆಲಿನ ಬೆಡ್‌ಶೀಟ್ ಮಡಿಸಲು ಇಬ್ಬರು ಬೇಕು. ಒಂದು ತುದಿ ನನ್ನದು, ಇನ್ನೊಂದು ತುದಿ ನಾವೆಲ್ಲ ಗುಬ್ಬಿ ಎಂದು ಕರೆಯುವ ಹುಡುಗಿಯದು. ಕೆಲವು ವಾರಗಳಿಂದ ನಮಗೆ ಭಾನುವಾರವೂ ಇಲ್ಲ. ನಾಳೆಗೂ ಕರೆಯಲು ಸೂಪರ್‌ವೈಸರ್ ಸಂಜೆ ಫೋನ್ ಮಾಡುತ್ತೇನೆಂದಿದ್ದರು. ನನಗೆ ಒಂದೇ ಒಂದು ಭಾನುವಾರ ಬೇಕಿತ್ತು, ಹೊತ್ತೇರುವವರೆಗೆ ಮಲಗಲು.

ಅಕ್ಕ ಬಟಾಣಿ ಸುಲಿಯಲು ಬಟ್ಟಲು ತಂದಳು.

"ನಿನ್ನ ದಂಡು ಸ್ವಲ್ಪ ಆಚೆ ಸರಿಸೇ, ಜಾಗ ಇಲ್ಲ."

"ಅಲ್ಲಿ ನದಿ ಇದೆ ಅಕ್ಕಾ."

"ನದೀಲೇ ಇಡ್ತೀನಿ ಬಿಡು, ತೇಲ್ಲಿ."

ಇಟ್ಟೇಬಿಟ್ಟಳು. ನಾನು ದಾಳ ಕೈಗೆತ್ತಿಕೊಂಡೆ.

"ಮತ್ತೆ ಅದೇ ದಳಾನಾ? ಅದರ ಪಕ್ಕದಲ್ಲಿ ಕೆಂಪಗೆ ಏನೇ ಅವು?"

"ಸುಸ್ತಿನ ಬಿಲ್ಲೆ. ಹೊಡೆದಾಡಿದಾಗೆಲ್ಲ ಒಂದೊಂದು."

"ಹಿಂದೆ ಅಷ್ಟು ಜನ ಕೈಕಟ್ಟಿ ನಿಂತಿದಾರಲ್ಲ, ಅವರನ್ನ ಕಳಿಸು."

"ಅವರು ಓಡಿಹೋದ್ರೂ ಹೋದ್ರು. ಇವರಾದ್ರೆ ಹೇಳಿದ ಮಾತು ಕೇಳ್ತಾರೆ."

"ಬಗ್ಗಿದವನಿಗೆ ಒಂದು ಗುದ್ದು ಜಾಸ್ತಿ ಅನ್ನು."

ಅಕ್ಕ ಆಟದ ಬಗ್ಗೆಯೇ ಹೇಳಿದ್ದು. ಆದರೂ ನನ್ನ ಭುಜ ಚುಳುಕ್ ಎಂದಿತು. ದಾಳ ಎಸೆಯಲಾಗಲಿಲ್ಲ. ಅಷ್ಟರಲ್ಲಿ ಫೋನ್ ಬಂತು.

"ಏನಮ್ಮಾ, ನಾಳೆ ಬರ್ತೀಯ ತಾನೆ?"

"ಇಲ್ಲ ಸಾರ್. ಆಗಲ್ಲ."

"ಯಾಕೆ, ಹುಷಾರಿಲ್ವಾ?"

ಅಕ್ಕ ಹಣೆ ಮುಟ್ಟಿಕೊಂಡು, ಜ್ವರ ಅನ್ನು, ಜ್ವರ ಅನ್ನು ಎಂದು ಸನ್ನೆ ಮಾಡುತ್ತಿದ್ದಳು.

"ಹುಷಾರಾಗಿದೀನಿ ಸಾರ್. ಮಲಗಬೇಕು."

"ಮಲಗಕ್ಕಾ?"

"ಹೂಂ ಸಾರ್."

"ಸರಿ ಬಿಡು. ಗುಬ್ಬೀನ ಕರೀತೀನಿ. ಜೊತೆಗೆ ಯಾರಾದ್ರೂ ಸಿಕ್ತಾರೆ. ಅವಳಂತೂ ಬರಲ್ಲ ಅನ್ನಲ್ಲ."

ಅಷ್ಟೇ. ಆಕಾಶ ಕಳಚಿ ಬೀಳಲಿಲ್ಲ, ನನಗೆ ಹಗುರವೂ ಆಗಲಿಲ್ಲ. ಮೇಜಿನ ಮೇಲೆ ಸೇತುವೆ ಬಿಟ್ಟು ಹಿಂದೆ ಬಂದರೆ ಅಲ್ಲಿ ಬೇರೊಂದು ದಳ ನಿಲ್ಲಲೇಬೇಕು. ಗುಬ್ಬಿಯ ನಂಬರ್ ಒತ್ತಿದೆ.

"ಅಕ್ಕಾ? ಏನಾಯ್ತು?" ಮಲಗಿದ್ದ ದನಿ.

"ಈಗ ಸಾರ್ ಫೋನ್ ಮಾಡ್ತಾರೆ. ನಾಳೆ ಬಾ ಅಂತಾರೆ."

"ಅಯ್ಯೋ..." ಒಂದು ಉಸಿರು. "ಆಗಲ್ಲ ಅನ್ನಕ್ಕೆ ನನಗೆ ಬಾಯೇ ಬರಲ್ಲ ಅಕ್ಕಾ."

"ಗೊತ್ತು ಕಣೇ. ಅದಕ್ಕೇ ಫೋನ್ ಇಡಬೇಡ. ಸಾರ್‌ಗೆ ಲೈನ್ ಸಿಗದ ಹಾಗೆ ಮಾತಾಡ್ತಾ ಇರೋಣ."

"ಏನ್ ಮಾತಾಡೋದು?"

ಅದೂ ನಿಜ. ವಾರವಿಡೀ ಎದುರುಬದುರು ನಿಂತಿರುತ್ತೇವೆ, ಯಂತ್ರಗಳ ಗದ್ದಲದಲ್ಲಿ ಮಾತಾಡಿದ್ದೇ ಇಲ್ಲ. ಏನಾದರೂ ಹೇಳು ಎಂದೆ. ಪಕ್ಕದ ಮನೆಯ ಬೆಕ್ಕು ತನ್ನ ಹಾಸಿಗೆಯ ಮೇಲೆ ಮರಿ ಹಾಕಿದ್ದನ್ನು ಹೇಳಿದಳು. ಅವುಗಳಿಗೆ ಜಾಗ ಬಿಟ್ಟು ತಾನು ನೆಲದ ಮೇಲೆ ಮಲಗುತ್ತಿದ್ದಾಳಂತೆ.

"ಅದನ್ನೂ ಎಬ್ಬಿಸಕ್ಕೆ ಬಾಯಿ ಬರ್ಲಿಲ್ವಾ?"

ನಕ್ಕಳು. ಮರುಕ್ಷಣವೇ, "ಸಾರ್ ಮಾಡ್ತಿದಾರೆ, ಕಿವೀಲಿ ಟುಂಯ್ ಟುಂಯ್ ಅಂತಿದೆ" ಎಂದಳು.

"ಅನ್ಲಿ. ಎಷ್ಟು ಮರಿ?"

"ನಾಲ್ಕು. ಒಂದು ಪೂರ್ತಿ ಕಪ್ಪು... ನಿಂತ್ಹೋಯ್ತು ಅಕ್ಕಾ. ಹಾಂ, ಮತ್ತೆ ಶುರುವಾಯ್ತು."

ಕಪ್ಪು ಮರಿಯ ಕತೆ ಮುಂದುವರಿಯಿತು. ಮಾತು ತಡವರಿಸಿತು, ಒಂದು ಶಬ್ದ ಎರಡು ಸಲ ಬಂತು, ಆಮೇಲೆ ಬರೀ ಉಸಿರು. ನಿದ್ದೆ ಹೋಗಿದ್ದಳು.

"ಮುಗೀತಲ್ಲ, ಇಡೇ," ಎಂದಳು ಅಕ್ಕ.

ನಾನು ಇಡಲಿಲ್ಲ. ಫೋನನ್ನು ಕಿವಿಗೊತ್ತಿಕೊಂಡೇ ಮೇಜಿಗೆ ತಲೆಯಾನಿಸಿದೆ.