ತೆರೆಯದೆ ಉಳಿದ ನಲವತ್ತೊಂದು ಮನೆ

“ಬೀಗ ಹಾಕಮ್ಮ, ಬೇಡ ಅಂದೋರ್ಯಾರು? ಮನೆಯವಳನ್ನೇ ಹೊರಗೆ ನಿಲ್ಲಿಸಿ ಹಾಕೋದಾ?” ಎನ್ನುತ್ತ ನರ್ಸಕ್ಕ, ತಾವೇ ಬರೆದಿಟ್ಟ ವಿವರ ತೆರೆಯದಾಗಿದ್ದ ಫೋನನ್ನು ಮೇಜಿನ ಮೇಲಿಟ್ಟರು.

ಆ್ಯಪ್ ಬರೆದವಳು ಕಣ್ಣುಜ್ಜಿಕೊಂಡಳು. ಮನೆಮನೆಗೆ ಹೋಗಿ ಬಿಪಿ, ಶುಗರ್ ನೋಡುವ ನರ್ಸುಗಳಿಗಾಗಿ ಮಾಡಿದ ಆ್ಯಪ್ ಅದು. ರೋಗಿಗಳ ವಿವರ ಯಾರೂ ಓದಲಾಗದಂತೆ ಗೂಢಲಿಪಿಯಲ್ಲೇ ಇರಬೇಕೆಂದು ಸರ್ಕಾರದ ನಿಯಮ ಬಂದಾಗಿನಿಂದ, ಎರಡು ತಿಂಗಳು ಅವಳಿಗೆ ಊಟ ರುಚಿಸಿರಲಿಲ್ಲ. ಭದ್ರತಾ ಪರೀಕ್ಷೆಯಲ್ಲಿ ಮೂರು ಸಲ ನಪಾಸು. ಕಳೆದ ವಾರವಷ್ಟೇ ಪಾಸು.

“ಫೋನಲ್ಲಿ ಏನಾದ್ರೂ ಬದಲಾಯಿಸಿದ್ರಾ ಅಕ್ಕ?”

“ನಾನಲ್ಲ, ನಮ್ಮ ಯಜಮಾನ್ರು. ಕೈಗವಸು ಹಾಕ್ಕೊಂಡ್ರೆ ಬೆರಳು ಗುರುತು ಹಿಡಿಯಲ್ಲ ಅಂತ ಗೊಣಗಿದ್ದೇ ತಪ್ಪಾಯ್ತು. ಲಾಕೇ ತೆಗೆದು ಪುಣ್ಯ ಕಟ್ಕೊಂಡ್ರು.”

ಅಷ್ಟು ಸಾಕಾಗಿತ್ತು. ಫೋನಿನ ಲಾಕ್ ತೆಗೆದರೆ, ಗೂಢಲಿಪಿಯನ್ನು ಬಿಡಿಸುವ ಒಳಗಿನ ಕೀ ತಾನಾಗಿ ಅಳಿಸಿಹೋಗಬೇಕು. ಅವಳೇ ಹಾಗೆ ಬರೆದಿದ್ದಳು. ನರ್ಸಕ್ಕ ತಿರುಗುವ ಗುಡ್ಡದ ಕಡೆ ಸಿಗ್ನಲ್ ಇಲ್ಲ. ನಲವತ್ತೊಂದು ಮನೆಗಳ ವಿವರ ಕಚೇರಿಗೆ ತಲುಪದೆ, ಈಗ ಯಾರೂ ತೆರೆಯಲಾಗದಂತೆ ಫೋನಿನಲ್ಲೇ ಉಳಿದಿತ್ತು. ಸೋಮವಾರ ಡಾಕ್ಟರು ಅದನ್ನು ನೋಡಿಯೇ ಮಾತ್ರೆ ಬರೆಯಬೇಕು.

“ನಿನ್ ಹತ್ರ ಇನ್ನೊಂದು ಕೀ ಇರತ್ತಲ್ವಾ? ಮಾಡಿದವಳು ನೀನೇ ತಾನೆ!”

“ಇತ್ತು ಅಕ್ಕ. ಅದನ್ನ ಇಟ್ಕೊಂಡಿದ್ದಕ್ಕೇ ಮೂರು ಸಲ ನಪಾಸಾಗಿದ್ದು.”

ನರ್ಸಕ್ಕನಿಗೆ ನಗು ಬಂತು, ಅರ್ಧಕ್ಕೇ ನಿಂತಿತು.

“ನೆನಪಿರೋಷ್ಟು ಹೇಳಿ, ನಾನು ತುಂಬಿಸ್ತೀನಿ” ಎಂದಳು ಇವಳು.

“ಯಾರಿಗೆ ಮಂಡಿ ನೋವು, ಯಾರ ಸೊಸೆ ಮಾತು ಬಿಟ್ಟಿದ್ದಾಳೆ, ಎಲ್ಲಾ ಹೇಳ್ತೀನಿ. ಬಿಪಿ ಮಾತ್ರ ಅಂದಾಜಲ್ಲಿ ಹೇಳಲ್ಲ. ಡಾಕ್ಟ್ರು ಅದನ್ನೇ ನಂಬಿ ಮಾತ್ರೆ ಕೊಟ್ಟು, ಯಾವುದೋ ಅಜ್ಜ ತಲೆ ತಿರುಗಿ ಬಿದ್ರೆ? ಬೇಡಮ್ಮ. ಇವತ್ತು ಗುರುವಾರ. ಇನ್ನೊಂದು ಸುತ್ತು ನಡೀತೀನಿ.”

ಹೇಳುವಾಗ ದನಿ ಗಟ್ಟಿಯಾಗಿಯೇ ಇತ್ತು. ಏಳಲು ಹೋದಾಗ ಮಾತ್ರ ಮೇಜಿನ ಅಂಚು ಹಿಡಿದುಕೊಳ್ಳಬೇಕಾಯಿತು.

ಇವಳು ಕಂಪ್ಯೂಟರ್ ಮುಚ್ಚಿದಳು. “ನಾನೂ ಬರ್ತೀನಿ. ನೀವು ನೋಡಿ, ನಾನು ಬರ್ಕೊಳ್ತೀನಿ.”

“ಈ ಚಪ್ಪಲೀಲಾ? ಮೊದಲನೇ ಏರಲ್ಲೇ ಕಿತ್ಕೊಂಡು ಹೋಗತ್ತೆ, ತಾಯಿ.”

ಪಕ್ಕದ ಮೇಜಿನ ಕೆಳಗೆ, ರಜೆಯಲ್ಲಿದ್ದ ಸಹೋದ್ಯೋಗಿಯ ಬೂಟುಗಳಿದ್ದವು. ಒಂದು ಅಳತೆ ದೊಡ್ಡವು. ಅವಳು ತುದಿಗೆ ಒಂದಿಷ್ಟು ಕಾಗದ ತುರುಕಿ, ಕಾಲು ತೂರಿಸಿ, ಲೇಸು ಬಿಗಿಯತೊಡಗಿದಳು.